ಉಪಗ್ರಹದ ಆಯುಷ್ಯ, ಇಂಧನದ ಲೆಕ್ಕ

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಮಾಳಿಗೆಗಳ ಮೇಲಿನ ಡಿಶ್ ಆಂಟೆನಾವನ್ನು ಒಮ್ಮೆ ಗುರಿಯಿಟ್ಟು ನಿಲ್ಲಿಸಿದರೆ ಮತ್ತೆ ತಿರುಗಿಸಬೇಕಾಗಿಲ್ಲ. ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹ ತನ್ನ ಸ್ಥಾನ ಬಿಡದಿರುವುದೇ ಇದಕ್ಕೆ ಕಾರಣ. ಆದರೆ ಸೂರ್ಯ, ಚಂದ್ರರ ಸೆಳೆತ ಅದನ್ನು ಸದಾ ಕದಲಿಸುತ್ತಿರುತ್ತದೆ. ಇಸ್ರೊದ ಜಿಸ್ಯಾಟ್ ಉಪಗ್ರಹಗಳಿಗೆ ಹಾಸನದ ನಿಯಂತ್ರಣ ಕೇಂದ್ರದಿಂದ ಆದೇಶ ಹೋಗುತ್ತದೆ. ಪುಟ್ಟ ಎಂಜಿನುಗಳು ಅವನ್ನು ಸ್ವಸ್ಥಾನಕ್ಕೆ ತರುತ್ತವೆ. ಇಂಧನ ತೀರಿತೆಂದರೆ, ಉಳಿದ ಯಂತ್ರಗಳೆಲ್ಲ ಸರಿಯಿದ್ದರೂ ಉಪಗ್ರಹದ ಆಯುಷ್ಯ ಮುಗಿದಂತೆಯೇ.

ಇಲ್ಲಿ ನೆರವಿಗೆ ಬರುವುದು ಅಯಾನು ಎಂಜಿನು. ಇದರಲ್ಲಿ ಏನೂ ಉರಿಯುವುದಿಲ್ಲ. ಸೌರಫಲಕಗಳ ವಿದ್ಯುತ್ತು ಕ್ಸೆನಾನ್ ಅನಿಲದ ಕಣಗಳಿಗೆ ವಿದ್ಯುದಾವೇಶ ನೀಡಿ, ಸೆಕೆಂಡಿಗೆ ಹತ್ತಾರು ಕಿ.ಮೀ. ವೇಗದಲ್ಲಿ ಹೊರದೂಡುತ್ತದೆ. ತಳ್ಳುವ ಬಲ ಒಂದೆರಡು ಕಾಗದದ ಹಾಳೆಗಳ ಭಾರದಷ್ಟೇ. ಆದರೆ ಹನಿಗೂಡಿದರೆ ಹಳ್ಳ: ಅಮೆರಿಕದ ಡೀಪ್ ಸ್ಪೇಸ್–1 ನೌಕೆಯಲ್ಲಿ ಇಂಥ ಎಂಜಿನು 1998ರಿಂದ 2001ರವರೆಗೆ ಒಟ್ಟು 16,000 ಗಂಟೆಗೂ ಹೆಚ್ಚು ಕಾಲ ದುಡಿಯಿತು.

ಇದಕ್ಕೂ ಒಂದು ಶತ್ರುವುಂಟು, ಅದು ಸವೆತ. ಚಿಮ್ಮುವ ಅಯಾನುಗಳು ಎಂಜಿನಿನ ಒಡಲನ್ನೇ ಕೊರೆಯುತ್ತವೆ. 2017ರಲ್ಲಿ ಜಿಸ್ಯಾಟ್–9ರಲ್ಲಿ ವಿದ್ಯುತ್ ಎಂಜಿನುಗಳನ್ನು ಹಾರಿಸಿದ ಇಸ್ರೊ, 2025ರ ಮಾರ್ಚ್‌ನಲ್ಲಿ ತನ್ನದೇ ಪ್ಲಾಸ್ಮಾ ಎಂಜಿನಿನ 1,000 ಗಂಟೆಗಳ ಬಾಳಿಕೆ ಪರೀಕ್ಷೆಯನ್ನು ನೆಲದ ಮೇಲೆ ಮುಗಿಸಿತು. ಕೆಟ್ಟರೆ ರಿಪೇರಿಗೆ ಯಾರೂ ಹೋಗಲಾಗದ ಎತ್ತರದಲ್ಲಿ ಬಲಕ್ಕಿಂತ ಬಾಳಿಕೆಯೇ ದೊಡ್ಡದು.