ವಿಡಿಯೊಗೆ ದುಭಾಷಿ: ಚಿಪ್ಪೋ, ತಂತ್ರಾಂಶವೋ?

ಕಪಿಲೆಯ ದಡದ ಸರಗೂರಿನಲ್ಲಿ ಒಂದು ಮನೆ ಎಂದುಕೊಳ್ಳಿ. ಅಕ್ಕನ ಮದುವೆಯ ವಿಡಿಯೊ, ತಮ್ಮನ ಪಿಯುಸಿ ಪಾಠ ಎಲ್ಲವೂ ಹಜಾರದ ಕಂಪ್ಯೂಟರಿನಲ್ಲಿವೆ. ಮನೆಮಂದಿಯ ಟಿ.ವಿ.ಗೂ ಮೊಬೈಲಿಗೂ ಚಿತ್ರ ಹರಿಯುವುದು ಅಲ್ಲಿಂದಲೇ. ಅದೇ ಆ ಮನೆಯ ಮೀಡಿಯಾ ಸರ್ವರ್. ಮದುವೆಯ ವಿಡಿಯೊ ಇರುವುದು 2013ರಲ್ಲಿ ಬಂದ ಎಚ್.265 ಎಂಬ ಸಂಕೇತಭಾಷೆಯಲ್ಲಿ. ಹಳೆಯ ಟಿ.ವಿ.ಗೆ ತಿಳಿಯುವುದು 2003ರ ಎಚ್.264 ಮಾತ್ರ. ಕಂಪ್ಯೂಟರು ನಡುವೆ ನಿಂತು ದುಭಾಷಿಯಾಗಬೇಕು. ಇದೇ ಟ್ರಾನ್ಸ್‌ಕೋಡಿಂಗ್. ಫ್ಯಾನು ಬುಸುಗುಟ್ಟಿ, ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ ಚಿತ್ರ ನಿಂತುಬಿಟ್ಟಿತೆನ್ನಿ. 'ಗ್ರಾಫಿಕ್ಸ್ ಕಾರ್ಡ್ ಕೊಡಿಸಪ್ಪಾ' ಎನ್ನುತ್ತಾನೆ ಮಗ. ಅಪ್ಪ ಜೇಬು ಮುಟ್ಟಿಕೊಳ್ಳುತ್ತಾರೆ.

ಸ್ವಲ್ಪ ತಾಳಿ. ದುಭಾಷಿಗಳಲ್ಲಿ ಎರಡು ಬಗೆ. ಎಕ್ಸ್264ನಂಥ ತಂತ್ರಾಂಶ ಇಡೀ ಲೆಕ್ಕವನ್ನು ಮುಖ್ಯ ಪ್ರೊಸೆಸರಿನಿಂದಲೇ ಮಾಡಿಸುತ್ತದೆ. ಚಿತ್ರವನ್ನು ಪುಟ್ಟ ಚೌಕಗಳಾಗಿ ಸೀಳಿ, ಒಂದೊಂದು ಚೌಕವೂ ಹಿಂದಿನ ಚಿತ್ರದಲ್ಲಿ ಎಲ್ಲಿತ್ತೆಂದು ಹುಡುಕಿ, ಬದಲಾದದ್ದನ್ನಷ್ಟೇ ಬರೆದಿಡುತ್ತದೆ. ಹೆಚ್ಚು ಹುಡುಕಿದಷ್ಟೂ ಕಡತ ಚಿಕ್ಕದು, ಚಿತ್ರ ಚೊಕ್ಕ. ಹೊತ್ತು ಮಾತ್ರ ಹೆಚ್ಚು. ಇಂಟೆಲ್ 2011ರಲ್ಲಿ ತಂದ 'ಕ್ವಿಕ್ ಸಿಂಕ್', ಎನ್‌ವಿಡಿಯಾ 2012ರಲ್ಲಿ ತಂದ 'ಎನ್‌ವೆಂಕ್' ಇನ್ನೊಂದು ಬಗೆ. ಈ ಕೆಲಸಕ್ಕೆಂದೇ ಚಿಪ್ಪಿನಲ್ಲಿ ಕೊರೆದ ಮಂಡಲಗಳಿವು. ಬೀಸುವ ಕಲ್ಲಿನ ಮುಂದೆ ರಾಗಿ ಮಿಲ್ಲಿದ್ದಂತೆ: ಕೆಲಸ ಚಕಚಕ, ವಿದ್ಯುತ್ತೂ ಕಡಿಮೆ, ಆದರೆ ಹುಡುಕಾಟ ಅಷ್ಟು ಸೂಕ್ಷ್ಮವಲ್ಲ.

ಹಾಗೆಂದು ತಂತ್ರಾಂಶವನ್ನು ಹಗುರವಾಗಿ ಕಾಣುವಂತಿಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಇಟ್ಟಿಯಂ ಸಿಸ್ಟಮ್ಸ್ ಬರೆದ ಎಚ್.265 ಬಿಡಿಸುವ ತಂತ್ರಾಂಶ 2014ರ ಆಂಡ್ರಾಯ್ಡ್ 5.0ರೊಳಗೆ ಸೇರಿತು. ಪ್ರತ್ಯೇಕ ಮಂಡಲವಿಲ್ಲದ ಫೋನುಗಳೂ ಹೊಸ ಭಾಷೆ ಕಲಿತವು. ಒಮ್ಮೆ ಕೊರೆದ ಚಿಪ್ಪಿಗೆ ಹೀಗೆ ಹೊಸ ಪಾಠ ಹೇಳಿಕೊಡಲು ಬರುವುದಿಲ್ಲ.

ಈಗ ಅಪ್ಪನ ಜೇಬಿನ ವಿಚಾರ. ಕಾರ್ಡು ಕೊಳ್ಳುವ ಮುನ್ನ ಇರುವ ಪ್ರೊಸೆಸರನ್ನೇ ನೋಡಿ. ಬಹಳಷ್ಟು ಇಂಟೆಲ್ ಪ್ರೊಸೆಸರುಗಳಲ್ಲಿ ಕ್ವಿಕ್ ಸಿಂಕ್ ಒಳಗೇ ಇರುತ್ತದೆ. ಮಾದರಿಯ ಹೆಸರು 'ಎಫ್' ಅಕ್ಷರದಿಂದ ಮುಗಿದರೆ ಇರುವುದಿಲ್ಲ. 'ಜೆಲ್ಲಿಫಿನ್' ಎಂಬ ಉಚಿತ ಸರ್ವರ್ ತಂತ್ರಾಂಶದಲ್ಲಿ ಅದನ್ನು ಚಾಲೂ ಮಾಡಬೇಕು, ಅಷ್ಟೆ. ಅಗ್ಗವೆಂದು ರಾಸ್ಪ್‌ಬೆರಿ ಪೈ ಕೊಳ್ಳಹೊರಟವರು ಗಮನಿಸಿ: 2023ರ ಪೈ 5ರಲ್ಲಿ ವಿಡಿಯೊ ಎನ್‌ಕೋಡ್ ಮಾಡುವ ಮಂಡಲವೇ ಇಲ್ಲ.

ಆ ಕ್ಷಣಕ್ಕೆ ನೋಡಿ ಮುಗಿಸುವ ಚಿತ್ರಕ್ಕೆ ಚಿಪ್ಪೇ ಸಾಕು. ಕಾಯ್ದಿಡಬೇಕಾದ ಮದುವೆಯ ವಿಡಿಯೊವನ್ನು ಚಿಕ್ಕದಾಗಿಸಲು ತಂತ್ರಾಂಶವೇ ಮೇಲು. ಪ್ರತಿ ಅನುವಾದದಲ್ಲೂ ಒಂದಿಷ್ಟು ವಿವರ ಶಾಶ್ವತವಾಗಿ ಕಳೆಯುವುದರಿಂದ ಮೂಲ ಕಡತವನ್ನು ಅಳಿಸಬೇಡಿ. ರಾತ್ರಿ ಊಟದ ನಂತರ ಶುರು ಹಚ್ಚಿದರೆ ಬೆಳಗಿನ ಕಾಫಿಯ ಹೊತ್ತಿಗೆ ಮುಗಿದೀತು, ನಡುವೆ ಕರೆಂಟು ಹೋಗದಿದ್ದರೆ.