ತೊಟ್ಟಿಯೊಳಗಿನ ಆಕಾಶ

ಹಳೇ ಮೈಸೂರು ಸೀಮೆಯ ತೊಟ್ಟಿಮನೆಗಳಲ್ಲಿ ಮಳೆ ಮನೆಯೊಳಕ್ಕೇ ಬರುತ್ತಿತ್ತು. ನಡುವೆ ಚಾವಣಿಯನ್ನು ಚೌಕವಾಗಿ ತೆರೆದುಬಿಟ್ಟು, ಕೆಳಗೆ ತೊಟ್ಟಿ ಮಾಡಿ, ಸುತ್ತಲೂ ಜಗಲಿ ಕಟ್ಟುತ್ತಿದ್ದರು. ಬೆಳಕು, ಗಾಳಿ, ನೀರು ಮೂರೂ ಅಲ್ಲಿಂದಲೇ. ಈ ತೊಟ್ಟಿಯನ್ನು ನೆನಪಿಟ್ಟುಕೊಂಡು ಹೋದರೆ ಬೆಂಗಳೂರಿನ ಎರಡು ದೊಡ್ಡ ಕಟ್ಟಡಗಳು ಚೆನ್ನಾಗಿ ಅರ್ಥವಾಗುತ್ತವೆ.

ಮೊದಲನೆಯದು ಹೆಬ್ಬಾಳ, ಯಲಹಂಕ ದಾಟಿದ ಮೇಲೆ ಸಿಗುವ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್. ಅಮೆರಿಕದ ಎಸ್‌ಒಎಂ ಸಂಸ್ಥೆ ವಿನ್ಯಾಸ ಮಾಡಿದ ಇದರ ಉದ್ಘಾಟನೆ ಆದದ್ದು 2022ರ ನವೆಂಬರ್‌ನಲ್ಲಿ. ಸುಮಾರು 2.55 ಲಕ್ಷ ಚದರ ಮೀಟರ್ ವಿಸ್ತಾರ. ತಲೆಯ ಮೇಲೆ ಬಿದಿರಿನ ಜಾಲರಿ, ಅದರ ಸಂದಿಯಿಂದ ಸೋಸಿ ಬರುವ ಬೆಳಕು, ಚಾವಣಿಯಿಂದ ಇಳಿಬಿದ್ದ ಗಿಡಬಳ್ಳಿ. ವಿಮಾನ ಹತ್ತುವ ಕಡೆಗೆ ನಡೆಯುವಾಗ ಹೊರಗೆ ಕಾಣುವುದು ತೋಟ. ಉದ್ಯಾನನಗರಿ ಎಂಬ ಹೆಸರನ್ನು ಊರಿನ ಹೊಸ್ತಿಲಲ್ಲೇ ನೆನಪಿಸುವ ಕೆಲಸ ಇದು.

ಎರಡನೆಯದಕ್ಕೆ ನಗರದ ದಕ್ಷಿಣಕ್ಕೆ ಹೋಗಬೇಕು. ಯಶವಂತಪುರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಜಯನಗರದಲ್ಲಿ ಇಳಿದರೆ, ಅಲ್ಲಿಂದ ಬನ್ನೇರುಘಟ್ಟ ರಸ್ತೆಯ ಐಐಎಂ ದೂರವಲ್ಲ. ‘ತ್ರೀ ಈಡಿಯಟ್ಸ್’ ಸಿನಿಮಾ ನೋಡಿದವರಿಗೆ ಈ ಆವರಣ ಗುರುತು ಸಿಕ್ಕೀತು. ಇದನ್ನು ರೂಪಿಸಿದವರು ಬಾಲಕೃಷ್ಣ ದೋಶಿ (1927–2023). ಪ್ಯಾರಿಸ್ಸಿನಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಬಳಿ ಪಳಗಿದವರು. 2018ರಲ್ಲಿ ವಾಸ್ತುಶಿಲ್ಪಕ್ಕೆ ಕೊಡುವ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ.

ಬಾರ್ಸಿಲೋನಾದ ವಾಸ್ತುಶಿಲ್ಪಿ ಗೌಡಿ ತನ್ನ ಚರ್ಚಿನ ಕಂಬಗಳನ್ನೇ ಕೊಂಬೆ ಒಡೆದ ಮರಗಳಂತೆ ಮಾಡಿದ. ದೋಶಿ ಮರದ ಆಕಾರಕ್ಕೆ ಕೈಹಾಕಲಿಲ್ಲ, ಮರದ ಕೆಳಗಿನ ನೆರಳಿಗೆ ಜಾಗ ಮಾಡಿದರು. ಒರಟು ಬೂದುಗಲ್ಲಿನ ಗೋಡೆಗಳ ನಡುವೆ ಎತ್ತರದ ಓಣಿಗಳು; ಕೆಲವೆಡೆ ಮೇಲೆ ಚಾವಣಿ, ಕೆಲವೆಡೆ ಬರೀ ತೊಲೆಗಳ ಸಾಲು, ಅದರ ಮೇಲೆ ಹಬ್ಬಿದ ಬಳ್ಳಿ, ಇನ್ನು ಕೆಲವೆಡೆ ಏನೂ ಇಲ್ಲದ ಆಕಾಶ. ಓಣಿ ಅಗಲವಾದಲ್ಲಿ ಅಂಗಳ. ಫತೇಪುರ್ ಸಿಕ್ರಿಯ ಅಂಗಳಗಳು ಅವರಿಗೆ ಮಾದರಿಯಾಗಿದ್ದವು. ಪಾಠ ಕೋಣೆಯಲ್ಲಿ ಮುಗಿಯಬಾರದು, ಓಣಿಯಲ್ಲಿ ನಿಂತು ಮಾತಾಡುವಾಗಲೂ ಮುಂದುವರಿಯಬೇಕು ಎಂಬುದು ಅವರ ಆಸೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಹಿತವಾದ ಹವೆ ಅದಕ್ಕೆ ಅವಕಾಶ ಕೊಟ್ಟಿತು. ಇದೇ ಕಟ್ಟಡವನ್ನು ಬಳ್ಳಾರಿಯ ಬಿಸಿಲಿಗೆ ಒಯ್ದರೆ ಒಗ್ಗುವುದು ಕಷ್ಟ.

ಟರ್ಮಿನಲ್ ತೋಟವನ್ನು ಒಳಗೆ ತಂದಿತು. ದೋಶಿ ಕಟ್ಟಡವನ್ನೇ ಹೊರಗೆ ಬಿಟ್ಟರು. ಮೊದಲನೆಯದನ್ನು ಪ್ರಯಾಣದ ದಿನ ಒಂದು ಗಂಟೆ ಮೊದಲೇ ಹೋಗಿ, ತಲೆಯೆತ್ತಿ ನೋಡಿ. ಎರಡನೆಯದು ಓದುವವರ ಜಾಗ, ಅನುಮತಿ ಪಡೆದೇ ಹೋಗಬೇಕು. ಹೋದರೆ ಫೋಟೊಗೆ ಅವಸರಪಡದೆ ಒಂದೇ ಓಣಿಯಲ್ಲಿ ಅರ್ಧ ತಾಸು ಕುಳಿತುಕೊಳ್ಳಿ. ತೊಲೆಗಳ ನೆರಳು ಕಲ್ಲಿನ ಮೇಲೆ ಸರಿಯುವುದು ಕಾಣುತ್ತದೆ.

ಮನೆಗೆ ಬಂದಮೇಲೆ ನಮ್ಮ ಮೂವತ್ತು-ನಲವತ್ತರ ಸೈಟಿನ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡೋಣ. ಎಲ್ಲ ಕಡೆ ಕೋಣೆಯೇ ತುಂಬಿದ್ದರೆ, ಮಳೆ ಬೀಳುವಷ್ಟು ಒಂದು ಚೌಕವನ್ನಾದರೂ ಬಿಡಿಸಿಕೊಳ್ಳೋಣ. ನಮ್ಮ ಅಜ್ಜಂದಿರಿಗೆ ಅದು ಗೊತ್ತಿತ್ತು.