ಅಲ್ಲಮ: ಬೀದರಿನ ನೆಲದ ಒಂದು ಅಪರೂಪದ ಹೆಸರು

ಕರಾವಳಿಯ ನಮಗೆ ‘ಪ್ರಭು’ ಎಂದರೆ ಮನೆತನದ ಹೆಸರು. ಗೌಡ ಸಾರಸ್ವತ ಬಂಧುಗಳಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ನಮ್ಮ ಕೊಂಕಣಿ ಕಥೋಲಿಕ ಕುಟುಂಬಗಳಲ್ಲೂ ಪೂರ್ವಜರ ಮನೆತನ ಹೇಳುವಾಗ ‘ನಾವು ಪ್ರಭು ಪೈಕಿ’ ಎನ್ನುವವರಿದ್ದಾರೆ. ಆದರೆ ರಾಜ್ಯದ ಇನ್ನೊಂದು ತುದಿಯ ಬೀದರ್, ಭಾಲ್ಕಿ, ಔರಾದಗಳಿಗೆ ಹೋದರೆ ಇದೇ ಪದ ವ್ಯಕ್ತಿಯ ಸ್ವಂತ ಹೆಸರಾಗಿ ಕೇಳಿಸುತ್ತದೆ. ಔರಾದ ಕ್ಷೇತ್ರದಿಂದ 2008ರಿಂದ 2023ರವರೆಗಿನ ನಾಲ್ಕು ವಿಧಾನಸಭಾ ಚುನಾವಣೆಗಳಲ್ಲಿ ಆರಿಸಿ ಬಂದ ಪ್ರಭು ಚವ್ಹಾಣ್ ಅವರ ಹೆಸರಿನಲ್ಲಿ ಚವ್ಹಾಣ್ ಮನೆತನದ್ದು, ಪ್ರಭು ಅವರದ್ದೇ.

ಆ ಭಾಗದಲ್ಲಿ ‘ಪ್ರಭು’ ಎಂದೊಡನೆ ಇಬ್ಬರು ಮಹಾಪುರುಷರು ನೆನಪಾಗುತ್ತಾರೆ. ಒಬ್ಬರು ಹುಮನಾಬಾದಿನ ಮಾಣಿಕಪ್ರಭು (1817-1865). ಇನ್ನೊಬ್ಬರು ಅವರಿಗಿಂತ ಏಳು ಶತಮಾನ ಹಿಂದಿನ ವಚನಕಾರ ಅಲ್ಲಮಪ್ರಭು. ಮಾಣಿಕಪ್ಪ, ಮಾಣಿಕರಾವ್ ಎಂಬ ಹೆಸರುಗಳು ಅಲ್ಲಿ ಸಾಮಾನ್ಯ. ಆದರೆ ‘ಅಲ್ಲಮ’ ಎಂಬ ಹೆಸರು ಒಂಟಿಯಾಗಿ ಸಿಗುವುದು ಬಲು ಅಪರೂಪ. ಅದು ಎಲ್ಲಿಂದ ಬಂತು? ಏಕೆ ಅಪರೂಪವಾಯಿತು? ಈ ಲೇಖನದಲ್ಲಿ ಇದನ್ನು ತಿಳಿಯೋಣ.

ಹೆಸರಿನ ಹಿಂದಿನ ವ್ಯಕ್ತಿ

ಅಲ್ಲಮನು 12ನೆಯ ಶತಮಾನದವನು. ಈಗಿನ ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲೂಕಿನ ಬಳ್ಳಿಗಾವಿ ಅವನ ಊರು. ಕವಿ ಹರಿಹರನ ರಗಳೆಯ ಪ್ರಕಾರ ಅವನು ದೇವಾಲಯದಲ್ಲಿ ಮದ್ದಳೆ ಬಾರಿಸುತ್ತಿದ್ದ ಕಲಾವಿದ. ಪ್ರೀತಿಸಿದ ಕಾಮಲತೆಯ ಸಾವಿನಿಂದ ಕಂಗೆಟ್ಟು ಅಲೆಯುತ್ತಿದ್ದಾಗ ಗುರು ಅನಿಮಿಷಯ್ಯನನ್ನು ಕಂಡು ಬದಲಾದ. ಮುಂದೆ ಕಲ್ಯಾಣಕ್ಕೆ, ಅಂದರೆ ಈಗ ಬೀದರ್ ಜಿಲ್ಲೆಯಲ್ಲಿರುವ ಬಸವಕಲ್ಯಾಣಕ್ಕೆ ಬಂದ. ಅಲ್ಲಿನ ಅನುಭವ ಮಂಟಪದಲ್ಲಿ ಶೂನ್ಯಸಿಂಹಾಸನದ ಅಧ್ಯಕ್ಷನಾಗಿದ್ದನೆಂದು ಶರಣ ಪರಂಪರೆ ಅವನನ್ನು ಗೌರವಿಸುತ್ತದೆ. ‘ಗುಹೇಶ್ವರ’ ಎಂಬುದು ಅವನ ವಚನಗಳ ಅಂಕಿತ.

ಶರಣರು ಅವನನ್ನು ಅಲ್ಲಯ್ಯ ಎಂದೂ ಪ್ರಭುದೇವ ಎಂದೂ ಕರೆದರು. ‘ಪ್ರಭು’ ಗೌರವದ ಮಾತು. ‘ಅಲ್ಲಮ’ ಹುಟ್ಟು ಹೆಸರು. ಕಾಲ ಕಳೆದಂತೆ ಗೌರವದ ಮಾತೇ ಹೆಸರಾಗಿ ನಿಂತು, ಹುಟ್ಟು ಹೆಸರು ಹಿಂದೆ ಸರಿಯಿತು.

ಕಿವಿಗೆ ಒಂದೇ, ಮೂಲ ಬೇರೆ

ಬೀದರ್ ಉರ್ದು, ಕನ್ನಡ, ಮರಾಠಿ, ತೆಲುಗು ನಾಲ್ಕೂ ಕೇಳುವ ಊರು. ಅಲ್ಲಿ ‘ಅಲ್ಲಮ’ ಎಂದರೆ ಒಬ್ಬೊಬ್ಬರ ಕಿವಿಗೆ ಒಂದೊಂದು ಪದ ಕೇಳಿಸುತ್ತದೆ. ಆದ್ದರಿಂದ ಅವನ್ನು ಬಿಡಿಸಿ ನೋಡುವುದು ಅಗತ್ಯ.

ಮೊದಲನೆಯದು ‘ಅಲ್ಲಾಹ್’. ಅರಬಿ ಭಾಷೆಯಲ್ಲಿ ದೇವರು ಎಂದರ್ಥ. ಇದು ಒಂದೇ ಧರ್ಮದ ಪದವೆಂದು ತಿಳಿಯುವವರಿದ್ದಾರೆ. ಆದರೆ ಅರಬಿ ಮಾತನಾಡುವ ಕ್ರೈಸ್ತರೂ ದೇವರನ್ನು ಹೀಗೆಯೇ ಕರೆಯುತ್ತಾರೆ. ಮಾಲ್ಟಾ ದ್ವೀಪದ ಕಥೋಲಿಕರು ತಮ್ಮ ಪ್ರಾರ್ಥನೆಗಳಲ್ಲಿ ದೇವರನ್ನು ಸಂಬೋಧಿಸುವುದು ‘ಅಲ್ಲಾ’ ಎಂದೇ.

ಎರಡನೆಯದು ‘ಅಲ್ಲಾಮಾ’. ಜ್ಞಾನ ಎಂಬ ಅರ್ಥದ ‘ಇಲ್ಮ್’ ಎಂಬ ಮೂಲದಿಂದ ಬಂದ ಇದಕ್ಕೆ ಮಹಾವಿದ್ವಾಂಸ ಎಂದು ಅರ್ಥ. ಇದು ಬಿರುದು, ಹೆಸರಲ್ಲ. ಕವಿ ಇಕ್ಬಾಲರನ್ನು ಅಲ್ಲಾಮಾ ಇಕ್ಬಾಲ್ ಎನ್ನುವುದು ಈ ಅರ್ಥದಲ್ಲಿ. ಇದರಲ್ಲಿ ‘ಲಾ’ ದೀರ್ಘ. ನಮ್ಮ ಅಲ್ಲಮನಲ್ಲಿ ಹ್ರಸ್ವ.

ಮೂರನೆಯದು ‘ಆಲಮ್’, ಅಂದರೆ ಲೋಕ. ಷಾ ಆಲಮ್ ಎಂಬ ಮೊಘಲ್ ದೊರೆಗಳ ಹೆಸರಿನಲ್ಲಿರುವುದು ಇದು. ಇದಕ್ಕೆ ಹತ್ತಿರದ ‘ಅಲಮ್’ ಎಂದರೆ ಮೊಹರಂ ಮೆರವಣಿಗೆಯಲ್ಲಿ ಎತ್ತುವ ಲಾಂಛನ.

ಇನ್ನು ಕನ್ನಡದ ‘ಅಲ್ಲ’ ಎಂಬ ನಿಷೇಧದ ಪದ. ಇದೂ ಅಲ್ಲ, ಅದೂ ಅಲ್ಲ ಎಂದು ಎಲ್ಲವನ್ನೂ ದಾಟಿ ಹೋದವನು, ಆದ್ದರಿಂದ ಅಲ್ಲಮ ಎಂದು ಅನೇಕರು ವಿವರಿಸುತ್ತಾರೆ. ಬಯಲು, ಶೂನ್ಯ ಎಂಬ ಮಾತುಗಳನ್ನು ಮತ್ತೆ ಮತ್ತೆ ಬಳಸಿದ ಅವನ ವಚನಗಳಿಗೆ ಈ ವಿವರಣೆ ಸೊಗಸಾಗಿ ಹೊಂದುತ್ತದೆ. ಆದರೆ ತೊಟ್ಟಿಲಲ್ಲಿ ಹೆಸರಿಟ್ಟ ತಂದೆ ತಾಯಿಗೆ ಮಗ ಮುಂದೆ ಏನು ಬರೆಯುವನೆಂದು ತಿಳಿದಿರುವುದಿಲ್ಲ. ಇದು ಭಾವಾರ್ಥವೇ ಹೊರತು ಹೆಸರಿನ ಮೂಲವಲ್ಲ.

ಅರಬಿ ಮೂಲದ ವಾದಕ್ಕೆ ಕಾಲಗಣನೆಯೇ ಉತ್ತರ ಕೊಡುತ್ತದೆ. ಅಲ್ಲಾವುದ್ದೀನ್ ಖಿಲ್ಜಿಯ ಸೇನೆ ದೇವಗಿರಿಗೆ ಬಂದದ್ದು 1296ರಲ್ಲಿ. ಬಹಮನಿ ರಾಜ್ಯ ಸ್ಥಾಪನೆಯಾದದ್ದು 1347ರಲ್ಲಿ. ಇವೆರಡಕ್ಕೂ ನೂರಕ್ಕೂ ಹೆಚ್ಚು ವರ್ಷ ಮೊದಲು, ಒಳನಾಡಿನ ದೇವಾಲಯವನ್ನು ನೆಚ್ಚಿದ್ದ ಮನೆಯಲ್ಲಿ ಹುಟ್ಟಿದ ಮಗುವಿಗೆ ಸುಲ್ತಾನರ ಆಸ್ಥಾನದಿಂದ ಹೆಸರು ಬರಲಾರದು. ಅಲ್ಲಯ್ಯ ಎಂಬ ರೂಪವನ್ನು ನೋಡಿದರೆ ‘ಅಲ್ಲ’ ಎಂಬುದು ಬಸವ, ಚೆನ್ನ, ಮಾಚಗಳಂತೆ ಹೆಸರಿನ ಬುಡವೆಂದು ತಿಳಿಯುತ್ತದೆ. ನೆರೆಯ ತೆಲುಗು ನಾಡಿನಲ್ಲೂ ರಾಜಮಹೇಂದ್ರಿಯನ್ನು ಆಳಿದ ಅಲ್ಲಾಡ ರೆಡ್ಡಿ ಎಂಬ ದೊರೆಯ ಹೆಸರು ಇತಿಹಾಸದಲ್ಲಿದೆ.

ಅಷ್ಟೂರಿನಲ್ಲಿ ಎರಡು ಹೆಸರು ಒಂದಾದ ಬಗೆ

ಮೂಲ ಬೇರೆಯಾದರೂ ಜನರ ಬಾಳಿನಲ್ಲಿ ಹೆಸರುಗಳು ಕೂಡುತ್ತವೆ. ಇದಕ್ಕೆ ಸಾಕ್ಷಿ ಬೀದರ್ ನಗರದ ಪಕ್ಕದ ಅಷ್ಟೂರು. ಅಲ್ಲಿ ಬಹಮನಿ ಸುಲ್ತಾನರ ಗೋರಿಗಳಿವೆ. 1422ರಿಂದ 1436ರವರೆಗೆ ಆಳಿ, ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹಮದ್ ಷಾನ ಗೋರಿಯೂ ಅಲ್ಲಿಯೇ ಇದೆ. ಒಳಗೋಡೆಗಳ ಬಣ್ಣದ ಚಿತ್ತಾರಕ್ಕೆ ಅದು ಪ್ರಸಿದ್ಧ. ಈ ಸುಲ್ತಾನ ಸೂಫಿ ಸಂತರ ಭಕ್ತ. ಬರಗಾಲದಲ್ಲಿ ಅವನ ಪ್ರಾರ್ಥನೆಯಿಂದ ಮಳೆ ಬಂತೆಂಬ ಕಥೆಯೂ ಇದೆ. ಆದ್ದರಿಂದಲೇ ಜನ ಅವನನ್ನು ‘ವಲಿ’, ಅಂದರೆ ಸಂತ ಎಂದರು.

ಇಲ್ಲಿನ ಹಿಂದೂಗಳಿಗೆ ಅವನು ಅಲ್ಲಮಪ್ರಭುವಿನ ಅವತಾರ. ಪ್ರತಿವರ್ಷ ಹೋಳಿಯ ಆಸುಪಾಸಿನಲ್ಲಿ ನಡೆಯುವ ಉರುಸಿನ ದಿನವನ್ನು ಹಿಜರಿ ಪಂಚಾಂಗದಿಂದಲ್ಲ, ಹಿಂದೂ ಪಂಚಾಂಗದಿಂದ ಎಣಿಸುತ್ತಾರೆ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಬರುವ ಲಿಂಗಾಯತ ಜಂಗಮರು ಅದರ ಮುಂದಾಳು. ಒಂದೇ ಗೋರಿಯ ಮುಂದೆ ತೆಂಗಿನಕಾಯಿಯನ್ನೂ ಒಡೆಯುತ್ತಾರೆ, ಫಾತಿಹಾವನ್ನೂ ಓದುತ್ತಾರೆ. ಇತಿಹಾಸಕಾರ ಗುಲಾಂ ಯಜ್ದಾನಿಯವರು ಬೀದರಿನ ಬಗ್ಗೆ 1947ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಪದ್ಧತಿಯನ್ನು ದಾಖಲಿಸಿದ್ದಾರೆ. ಅದು ಇಂದಿಗೂ ನಡೆದಿದೆ.

ಇನ್ನೊಂದು ಸಂಗತಿ ಗಮನಾರ್ಹ. ಅಹಮದ್ ಷಾ ಬೀದರಿನಲ್ಲಿ ಆಳುತ್ತಿದ್ದ ಕಾಲದ ಸುಮಾರಿಗೇ ವಿಜಯನಗರದಲ್ಲಿ ಪ್ರೌಢದೇವರಾಯನ ಆಶ್ರಯದಲ್ಲಿದ್ದ ಚಾಮರಸನು ಅಲ್ಲಮನನ್ನು ಕುರಿತು ‘ಪ್ರಭುಲಿಂಗಲೀಲೆ’ ಬರೆದ. ಒಬ್ಬರ ಮೇಲೊಬ್ಬರು ದಂಡೆತ್ತಿ ಹೋಗುತ್ತಿದ್ದ ಎರಡು ರಾಜ್ಯಗಳಲ್ಲಿ ಒಂದು ಕಾವ್ಯದ ಮೂಲಕ, ಇನ್ನೊಂದು ಗೋರಿಯ ಮೂಲಕ ಇದೇ ಹೆಸರನ್ನು ಮುಂದಿನವರಿಗೆ ಉಳಿಸಿತು.

ಏಕೆ ಅಪರೂಪ?

ಇಷ್ಟು ದೊಡ್ಡ ಹೆಸರಾದರೂ ಮಕ್ಕಳಿಗೆ ಏಕೆ ಇಡುವುದಿಲ್ಲ? ಮೊದಲ ಕಾರಣ ಭಾಷೆಯದ್ದು. ಬಸವ ಎಂಬ ಬುಡದಿಂದ ಬಸವರಾಜ, ಬಸಪ್ಪ, ಬಸಮ್ಮ, ಬಸಲಿಂಗ ಎಂದು ಹೆಸರುಗಳ ಒಂದು ಕುಟುಂಬವೇ ಬೆಳೆಯಿತು. ಮಹಾದೇವಿಯಿಂದ ಮಾದಮ್ಮ, ಮಾದೇವಿ ಆದವು. ಅಲ್ಲಮ ಎಂಬುದಕ್ಕೆ ಹೀಗೆ ಅಪ್ಪ, ಅಮ್ಮ ಸೇರಿಸುವುದು ಕಷ್ಟ. ಬೇಗ ಹೇಳಿದರೆ ‘ಅಲ್ಲಮ್ಮ’ ಎಂದು ಹೆಣ್ಣಿನ ಹೆಸರಿನಂತೆ ಕೇಳಿಸುತ್ತದೆ. ಹಾಗಾಗಿ ‘ಪ್ರಭು’ ಸೇರಿಸಿ ಅಲ್ಲಮಪ್ರಭು ಎಂದಿಡುತ್ತಾರೆ; ಮನೆಯಲ್ಲಿ ಕರೆಯುವಾಗ ಪ್ರಭು ಮಾತ್ರ ಉಳಿಯುತ್ತದೆ. 2023ರಲ್ಲಿ ಕಲಬುರಗಿ ದಕ್ಷಿಣದಿಂದ ಆಯ್ಕೆಯಾದ ಶಾಸಕ ಅಲ್ಲಮಪ್ರಭು ಪಾಟೀಲ, ಕೊಪ್ಪಳದ ಲೇಖಕ ಅಲ್ಲಮಪ್ರಭು ಬೆಟ್ಟದೂರು ಇವರ ಹೆಸರುಗಳಲ್ಲಿರುವುದು ಈ ಪೂರ್ಣ ರೂಪವೇ.

ಎರಡನೆಯ ಕಾರಣ ಭಯಭಕ್ತಿ. ಸ್ಪೇನ್ ದೇಶದಲ್ಲಿ ಯೇಸುವಿನ ಹೆಸರನ್ನೇ ಗಂಡುಮಕ್ಕಳಿಗೆ ಇಡುತ್ತಾರೆ. ನಮ್ಮ ಕರಾವಳಿಯಲ್ಲಿ ಹಾಗೆ ಇಡಲು ಹಿಂಜರಿದು ‘ರಕ್ಷಕ’ ಎಂಬ ಅರ್ಥದ ಸಾಲ್ವದೋರ್ ಎಂದು ಇಡುತ್ತಾ ಬಂದರು. ಬಯ್ಯುವಾಗ, ಅಡ್ಡಹೆಸರಿಡುವಾಗ ಪೂಜ್ಯರ ಹೆಸರು ಬಾಯಿಗೆ ಬರಬಾರದೆಂಬ ಸಂಕೋಚ ಎಲ್ಲ ಕಡೆಯೂ ಇರುತ್ತದೆ.

ಮೂರನೆಯದು ಚರಿತ್ರೆ. ಬೀದರ್ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತ, ಶಿಕ್ಷಣ ಉರ್ದುವಿನಲ್ಲಿ. ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದ್ದು ಮುಂಬಯಿ ಪ್ರಾಂತದಲ್ಲಿ. ನಿಜಾಮರ ಸೀಮೆಯಲ್ಲಿ ಕನ್ನಡ ಓದುವುದೇ ಕಷ್ಟವಿದ್ದಾಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಆ ಭಾಗದಲ್ಲಿ ಮನೆಮಾತು. ಶರಣರ ಹೆಸರುಗಳನ್ನು ಓದಿ ತಿಳಿದು ಮಕ್ಕಳಿಗಿಡುವ ಪೀಳಿಗೆ ಇಂಥ ಶಾಲೆಗಳಿಂದ ಬೆಳೆಯಬೇಕಾಯಿತು.

ಹೆಸರನ್ನು ತಪ್ಪಾಗಿ ಕೇಳಿದರೆ

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಔರಾದ, ಹುಮನಾಬಾದ್ ಕನ್ನಡ ರಾಜ್ಯಕ್ಕೆ ಬಂದವು. ಉದಗೀರ್, ನಿಲಂಗಾ ಈಗ ಮಹಾರಾಷ್ಟ್ರದಲ್ಲಿ, ಜಹೀರಾಬಾದ್ ಈಗ ತೆಲಂಗಾಣದಲ್ಲಿವೆ. ಗಡಿ ತಾಲೂಕಾದ ಔರಾದದಲ್ಲಿ ಒಂದೇ ಹೆಸರು ಕನ್ನಡದಲ್ಲಿ ‘ಅಪ್ಪ’ ಆಗಿ, ಮರಾಠಿಯಲ್ಲಿ ‘ರಾವ್’ ಆಗಿ ಕೊನೆಗೊಳ್ಳುತ್ತದೆ. ಹೆಸರಿನ ಬಾಲ ನೋಡಿ ಭಾಷೆ, ಜಾತಿ, ಧರ್ಮ ಊಹಿಸುವ ಚಾಳಿ ಇಂಥ ಕಡೆ ಸಹಜವಾಗಿ ಬೆಳೆಯುತ್ತದೆ.

ಆ ಊಹೆ ಪ್ರಾಣಕ್ಕೇ ಎರವಾದ ವರ್ಷವನ್ನು ಈ ಜಿಲ್ಲೆ ಕಂಡಿದೆ. 1948ರ ಮೇ ತಿಂಗಳಲ್ಲಿ ಗೋರಟಾ ಗ್ರಾಮದಲ್ಲಿ ರಜಾಕಾರರು ಹಿಂದೂಗಳ ಹತ್ಯಾಕಾಂಡ ನಡೆಸಿದರು. ಅದೇ ವರ್ಷ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಹತ್ಯೆಗಳು ನಡೆದವು. ಅತಿಹೆಚ್ಚು ಬಾಧಿತವಾದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಸುಂದರಲಾಲ್ ಸಮಿತಿಯ ವರದಿ ಎಣಿಸಿದೆ. ಇದನ್ನು ನೆನೆದರೆ ಅಷ್ಟೂರಿನ ಉರುಸು ಉಳಿದು ಬಂದದ್ದರ ಬೆಲೆ ತಿಳಿಯುತ್ತದೆ.

ಇಂದು ಅಪಾಯ ಬೇರೆ ರೂಪದಲ್ಲಿದೆ. ಕನ್ನಡದಲ್ಲಿ ಅಲ್ಲಮ, ಅಲ್ಲಾಮಾ, ಆಲಮ್, ಅಲಮ್ ನಾಲ್ಕೂ ಬೇರೆ ಬೇರೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಇವುಗಳ ಅಂತರ ಹೆಚ್ಚೆಂದರೆ ಒಂದೆರಡು ಅಕ್ಷರ. ಶಾಲಾ ದಾಖಲಾತಿ, ಆಧಾರ್, ಮತದಾರರ ಪಟ್ಟಿಗಳಲ್ಲಿ ಒಂದು ಅಕ್ಷರ ತಪ್ಪಿದರೆ ಹೆಸರು ಬೇರೆಯವರದ್ದಾಗುತ್ತದೆ. ನೋಡಿದವರು ಸಮುದಾಯವನ್ನೂ ತಪ್ಪಾಗಿ ಊಹಿಸುತ್ತಾರೆ. ಇಗ್ನೇಷಿಯಸ್ ನಮ್ಮ ಬಾಯಲ್ಲಿ ಇನಾಸ್ ಆದಾಗ ಅದು ನಾವೇ ಪ್ರೀತಿಯಿಂದ ಮಾಡಿಕೊಂಡ ಬದಲಾವಣೆ. ಗುಮಾಸ್ತರ ಕೈಯಲ್ಲಿ ಆಗುವ ಬದಲಾವಣೆ ಹಾಗಲ್ಲ.

ಪ್ರಿಯ ಓದುಗರೇ, ಉತ್ತರದ ಜಿಲ್ಲೆಗಳಿಂದ ಕಲಿಕೆಗೆ, ಕೆಲಸಕ್ಕೆ ಅನೇಕರು ನಮ್ಮ ಊರುಗಳಿಗೆ ಬರುತ್ತಾರೆ. ಅಲ್ಲಮಪ್ರಭು ಎಂಬ ಹುಡುಗ ನಿಮ್ಮ ತರಗತಿಗೋ ಕಚೇರಿಗೋ ಬಂದರೆ, ‘ಪ್ರಭು’ ಅವನ ಮನೆತನವೆಂದು ತಿಳಿದು ಅರ್ಜಿಯ ಕೊನೆಯ ಮನೆಗೆ ತಳ್ಳಬೇಡಿ. ‘ಅಲ್ಲಮ’ ಎಂಬುದನ್ನು ತಿದ್ದಲೂ ಹೋಗಬೇಡಿ. ಹೆಸರನ್ನು ಕನ್ನಡದಲ್ಲಿ ಬರೆದು ತೋರಿಸುವಂತೆ ಅವನನ್ನೇ ಕೇಳಿ, ಹಾಗೆಯೇ ಬರೆದುಕೊಳ್ಳಿ.